ನುಡಿಗೆ ಸೇರುವ ಜಿಡ್ಡು

ಮನುಷ್ಯನ ನುಡಿಗೂ ಅಡುಗೆಮನೆಗೂ ಬಹು ಹಳೆಯ ನಂಟು. ಮಾತು ಸಪ್ಪೆಯಾಗುತ್ತದೆ, ಖಾರವಾಗುತ್ತದೆ, ಹಳಸುತ್ತದೆ. ನಡೆದ ಸಂಗತಿಗೆ ಉಪ್ಪುಖಾರ ಹಚ್ಚಿ ಹೇಳುವವರೂ ಪರರ ಮಾತಿಗೆ ಒಗ್ಗರಣೆ ಹಾಕುವವರೂ ಎಲ್ಲ ಊರುಗಳಲ್ಲಿ ಇದ್ದಾರೆ. ಈ ನಂಟು ಕನ್ನಡಕ್ಕೆ ಮಾತ್ರ ಮೀಸಲಾದುದಲ್ಲ. ಇಂಗ್ಲಿಷಿನ ‘ಲಾರ್ಡ್’ ಎಂಬ ಕ್ರಿಯಾಪದವೇ ಇದಕ್ಕೆ ಒಳ್ಳೆಯ ನಿದರ್ಶನ.

ಪ್ರಭು ಎಂಬ ಅರ್ಥದ ‘ಲಾರ್ಡ್’ ಬೇರೆ, ಇದು ಬೇರೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ರೂಪ ತಾಳಿದರೂ ಇಂಗ್ಲಿಷಿನಲ್ಲಿ ಅವುಗಳ ಬರಹ, ಉಚ್ಚಾರಣೆ, ಮೂಲ ಎಲ್ಲವೂ ಭಿನ್ನ. ಪ್ರಭುವನ್ನು ಸೂಚಿಸುವ ಶಬ್ದವು ‘ರೊಟ್ಟಿಯನ್ನು ಕಾಯುವವನು’ ಎಂಬ ಅರ್ಥದ ಪ್ರಾಚೀನ ಇಂಗ್ಲಿಷ್ ಪದದಿಂದ ಬಂದುದು. ಕ್ರಿಯಾಪದವಾದ ಲಾರ್ಡ್ ಹಂದಿಯ ಕೊಬ್ಬನ್ನು ಹೇಳುವ ಲ್ಯಾಟಿನ್ ಪದದಿಂದ ಹುಟ್ಟಿ, ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿತು.

ಕೊಬ್ಬಿಲ್ಲದ ಮಾಂಸವು ಬೆಂಕಿಯ ಮೇಲೆ ಬೇಯುವಾಗ ಬೇಗನೆ ಒಣಗಿ ಗಡುಸಾಗುತ್ತದೆ. ಆದುದರಿಂದ ಯುರೋಪಿನ ಬಾಣಸಿಗರು ಹಂದಿಯ ಕೊಬ್ಬನ್ನು ಸಣ್ಣ ಪಟ್ಟಿಗಳಾಗಿ ಕೊಯ್ದು, ಉದ್ದನೆಯ ಸೂಜಿಯಿಂದ ಮಾಂಸದೊಳಗೆ ಅಲ್ಲಲ್ಲಿ ಪೋಣಿಸುತ್ತಿದ್ದರು. ಬೇಯುವಾಗ ಕೊಬ್ಬು ಕರಗಿ ಮಾಂಸವನ್ನು ಮೃದುವಾಗಿಸುತ್ತಿತ್ತು. ಈ ಕೆಲಸಕ್ಕೆ ಲಾರ್ಡ್ ಎಂದು ಹೆಸರು. ಮಾಂಸವನ್ನು ಕೂಡಿಡುವ ಕೋಣೆಗೆ ‘ಲಾರ್ಡರ್’ ಎಂಬ ಹೆಸರು ಬಂದುದೂ ಇದೇ ಬೇರಿನಿಂದ. ಮುಂದೆ ಅದು ಯಾವುದೇ ಆಹಾರವನ್ನಿಡುವ ಉಗ್ರಾಣಕ್ಕೂ ಸಂದಿತು.

ಅಡುಗೆಮನೆಯ ಈ ಪದ ಸಾಹಿತ್ಯಕ್ಕೂ ಬಂದಿತು. ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ ಸ್ಥೂಲಕಾಯನಾದ ಫಾಲ್‌ಸ್ಟಾಫನು ಬೆವರು ಸುರಿಸುತ್ತ ಓಡುವುದನ್ನು ಕಂಡ ರಾಜಕುಮಾರನು, ಅವನು ನಡೆದಲ್ಲೆಲ್ಲ ಬಡಕಲು ಭೂಮಿಗೆ ಜಿಡ್ಡನ್ನು ಉಣಿಸುತ್ತಿದ್ದಾನೆಂದು ನಗುತ್ತಾನೆ. ಅಲ್ಲಿ ಬಳಕೆಯಾಗಿರುವುದು ಇದೇ ಕ್ರಿಯಾಪದ. ಕಾಲಕ್ರಮದಲ್ಲಿ, ಭಾಷಣದ ನಡುನಡುವೆ ಪರಭಾಷೆಯ ಪದಗಳನ್ನೋ ಪಂಡಿತರ ಉಕ್ತಿಗಳನ್ನೋ ತುರುಕುವುದಕ್ಕೂ ಇದೇ ಮಾತು ನಿಂತಿತು.

ಇದರ ಸಮಾನಾರ್ಥಕಗಳು ಹಲವಿದ್ದರೂ ಅವು ಒಂದರ ಸ್ಥಾನದಲ್ಲಿ ಇನ್ನೊಂದು ಕೂಡುವಂಥವಲ್ಲ. ‘ಗಾರ್ನಿಷ್’ ಎಂದರೆ ಮೇಲೆ ಅಲಂಕರಿಸುವುದು, ಅದರಲ್ಲಿ ಮೆಚ್ಚುಗೆಯಿದೆ. ‘ಪ್ಯಾಡ್’ ಎಂದರೆ ಹುರುಳಿಲ್ಲದುದನ್ನು ತುಂಬಿ ಗಾತ್ರ ಹೆಚ್ಚಿಸುವುದು, ಅದರಲ್ಲಿ ನಿಂದೆಯಿದೆ. ‘ಗ್ರೀಸ್’ ಎಂದರೆ ಉಜ್ಜಾಟ ತಗ್ಗುವಂತೆ ಜಿಡ್ಡು ಹಚ್ಚುವುದು. ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯ ಕೆಲಸ ಅದು. ಲಂಚ ಕೊಡುವುದನ್ನು ಕೈಗೆ ಜಿಡ್ಡು ಹಚ್ಚುವುದೆಂದು ಇಂಗ್ಲಿಷರು ಹೇಳಿದರೆ, ಕನ್ನಡಿಗರು ಕೈ ಬೆಚ್ಚಗೆ ಮಾಡುವುದೆನ್ನುತ್ತಾರೆ. ಲಾರ್ಡ್ ಎಂಬುದು ಒಳಗೆ ಸೇರಿಸುವುದನ್ನು ಹೇಳುತ್ತದೆ. ಮಾತಿನ ವಿಷಯದಲ್ಲಿ ಸೇರಿದುದು ಅತಿಯಾಯಿತೆಂಬ ಧ್ವನಿ ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಕನ್ನಡದಲ್ಲಿಯೂ ಗೋಡೆಗೆ ಸುಣ್ಣ ಬಳಿಯುತ್ತೇವೆ, ಗಾಯಕ್ಕೆ ಮುಲಾಮು ಹಚ್ಚುತ್ತೇವೆ, ಮಗುವಿನ ತಲೆ ಸವರುತ್ತೇವೆ. ಕ್ರಿಯಾಪದವನ್ನು ಅದಲುಬದಲು ಮಾಡಿದರೆ ವಾಕ್ಯ ನಗೆಗೀಡಾಗುತ್ತದೆ.

ಆಶ್ಚರ್ಯವೆಂದರೆ, ನುಡಿಯ ಬೆರಕೆಯನ್ನು ಜಿಡ್ಡಿನ ಹೋಲಿಕೆಯಿಂದಲೇ ಕನ್ನಡ ಕವಿಯೊಬ್ಬನು ವಿಚಾರಿಸಿದ್ದಾನೆ. ಮುಳುಗುಂದದ ನಯಸೇನನು 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದನು. ಕನ್ನಡದಲ್ಲಿ ಬರೆಯಹೊರಟು ಹೊಂದದ ಸಂಸ್ಕೃತವನ್ನು ತಂದಿಕ್ಕುವವರ ರೀತಿಯನ್ನು ಅವನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿದನು. ತುಪ್ಪವೂ ಕೆಟ್ಟದ್ದಲ್ಲ, ಎಣ್ಣೆಯೂ ಕೆಟ್ಟದ್ದಲ್ಲ. ಹೊಂದಿಕೆಯಿಲ್ಲದ ಬೆರಕೆಯಿಂದ ಎರಡರ ರುಚಿಯೂ ಕೆಡುತ್ತದೆ.

ಹಾಗೆಂದು ಪರಭಾಷೆಯ ಪದವೆಲ್ಲ ತ್ಯಾಜ್ಯವಲ್ಲ. ಬಸ್ಸು, ರೈಲು, ಟಿಕೀಟು ಮೊದಲಾದುವು ಕನ್ನಡಕ್ಕೆ ಮೈಗೂಡಿ ಹೋಗಿವೆ. ಹಳ್ಳಿಯ ಮುದುಕಿಗೂ ಅವು ತಿಳಿಯುತ್ತವೆ. ಆದರೆ ಆಸ್ಪತ್ರೆಗೆ ಬಂದ ರೈತನಿಗೆ ಔಷಧದ ಕ್ರಮವನ್ನು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಹೇಳಿದರೆ ಅವನು ಸಂಕೋಚದಿಂದ ತಲೆಯಾಡಿಸಿ ಹೊರಡುತ್ತಾನೆ. ಊಟಕ್ಕೆ ಮೊದಲೋ ಅನಂತರವೋ, ಒಂದು ಗುಳಿಗೆಯೋ ಎರಡೋ, ಅವನಿಗೆ ತಿಳಿದಿರುವುದಿಲ್ಲ. ಅಲ್ಲಿ ನುಡಿಯ ಬೆರಕೆ ಕೇವಲ ಶೈಲಿಯ ದೋಷವಾಗಿ ಉಳಿಯುವುದಿಲ್ಲ. ಅದು ಒಂದು ಜೀವದ ಪ್ರಶ್ನೆಯಾಗುತ್ತದೆ.

ಬಾಣಸಿಗನು ಕೊಬ್ಬನ್ನು ಪೋಣಿಸುತ್ತಿದ್ದುದು ತನ್ನ ಸಿರಿಯನ್ನು ಮೆರೆಯಲೆಂದಲ್ಲ, ಉಣ್ಣುವವನಿಗೆ ತುತ್ತು ಮೃದುವಾಗಲೆಂದು. ಮಾತಿಗೆ ಏನನ್ನು ಸೇರಿಸುವ ಮೊದಲೂ ನುಡಿಯುವವನು ಕೇಳುವವನನ್ನು ನೆನೆಯಬೇಕು. ಸೇರಿಸಿದ ಪದದಿಂದ ಅವನಿಗೆ ಅರ್ಥ ಸುಲಭವಾದರೆ ಅದು ಹದವಾದ ಜಿಡ್ಡು. ಆಡಿದವನ ಪಾಂಡಿತ್ಯವಷ್ಟೇ ಹೊಳೆದರೆ ಅದು ಬರಿಯ ಕೊಬ್ಬು.