ಬೀಳಬೇಕಾದ ಕೋಲು

ನಮ್ಮ ಬೀದರ್‌ನಲ್ಲಿ ಈಗ ಕುದುರೆ ಕಾಣಿಸುವುದು ಹೆಚ್ಚಾಗಿ ಬರಾತಿನಲ್ಲಿ. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಸಮುದ್ರ ದಾಟಿಸಿ ತಂದ ತನ್ನ ಕುದುರೆಯನ್ನು ಮಾರಿದ್ದು ಇದೇ ಊರಿನಲ್ಲಿ. ಮಕ್ಕಳಿಗೆ ‘ಅಲ್ ಆದಿಯಾತ್’ ಸೂರಃ ಕಲಿಸುವಾಗ ಓಡುವ ಕುದುರೆಗಳ ಆಣೆಯ ಅರ್ಥ ಹೇಳುತ್ತೇನೆ. ಕುದುರೆಯನ್ನು ಮುಟ್ಟಿ ನೋಡಿದವರು ತರಗತಿಯಲ್ಲಿ ಒಬ್ಬರೋ ಇಬ್ಬರೋ.

ಔರಾದ್ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅಣ್ಣ, ನಾಂದೇಡ್ ಜಿಲ್ಲೆಯ ಮಾಳೆಗಾಂವ್ ಜಾತ್ರೆಯಿಂದ ಒಂದು ಹೆಣ್ಣು ಕುದುರೆ ತಂದರು. ಮದುವೆಯ ದಿನಗಳಲ್ಲಿ ಮನೆ ನಡೆಯುವುದು ಅದರ ದುಡಿಮೆಯಿಂದಲೇ. ಅವರ ಹದಿಮೂರು ವರ್ಷದ ಮಗಳು, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ಗೆದ್ದ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿ, ತಾನೂ ಕುದುರೆಯನ್ನು ಜಿಗಿಸಲು ಹೊರಟಳು. ಎರಡು ಕಡೆ ಇಟ್ಟಿಗೆ ಪೇರಿಸಿ, ಮೇಲೆ ಕಬ್ಬಿಣದ ಪೈಪು ಇಟ್ಟು, ಗಾಳಿಗೆ ಬೀಳದಿರಲೆಂದು ತಂತಿಯಿಂದ ಬಿಗಿದಳು. ಮೂರನೆಯ ದಿನ ಕುದುರೆಯ ಮುಂಗಾಲು ಪೈಪಿಗೆ ಸಿಕ್ಕಿತು. ಪೈಪು ಬೀಳಲಿಲ್ಲ, ಕುದುರೆ ಬಿತ್ತು. ಅಲ್ಲಾಹನ ದಯೆಯಿಂದ ಹುಡುಗಿಗೆ ತರಚು ಗಾಯವಷ್ಟೇ. ಕುದುರೆಯ ಮೊಣಕಾಲು ಊದಿ ಒಂದೂವರೆ ತಿಂಗಳು ಒಂದು ಬರಾತಿಗೂ ಹೋಗಲಾಗಲಿಲ್ಲ. ಆ ಮನೆಯ ಒಲೆಯ ಸ್ಥಿತಿ ನೀವೇ ಊಹಿಸಿಕೊಳ್ಳಿ.

ಇನ್ನು ಅವಳು ಕುದುರೆಯ ಹತ್ತಿರ ಹೋಗಕೂಡದು ಎಂದರು ಅಣ್ಣ. ಭಾಬಿ ಒಪ್ಪಲಿಲ್ಲ. “ತಂತಿ ಕಟ್ಟಿದ್ದು ತಪ್ಪು, ಹತ್ತಿದ್ದು ತಪ್ಪಲ್ಲ” ಎಂದರು. ನನಗೂ ಹಾಗೆಯೇ ಅನಿಸುತ್ತದೆ. ಕೇರಳದ ನಿದಾ ಅಂಜುಮ್ 2023ರಲ್ಲಿ ಫ್ರಾನ್ಸಿನಲ್ಲಿ 120 ಕಿಲೋಮೀಟರ್ ಕುದುರೆ ಓಡಿಸಿ ಗುರಿ ಮುಟ್ಟಿದಳಲ್ಲ, ಅವಳೂ ಒಬ್ಬ ತಾಯಿಯ ಮಗಳೇ.

ಮೈಸೂರಿನ ಪೊಲೀಸ್ ಅಶ್ವದಳದಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು ಭಾಲ್ಕಿಯಲ್ಲಿದ್ದಾರೆ. ಭಾಬಿ ಅವರನ್ನು ಕರೆಸಿದರು. ಅವರು ಮೊದಲು ನೋಡಿದ್ದು ನೆಲವನ್ನು. ಔರಾದಿನ ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಕಾಲು ಹೂತುಹೋಗುತ್ತದೆ. ಅದಕ್ಕಿಂತಲೂ ಅಪಾಯ ತೊಗರಿ ಕೂಳೆ, ಈಟಿಯಂತೆ ಚುಚ್ಚುತ್ತದೆ. ಅದನ್ನೆಲ್ಲ ಕೀಳಿಸಿ ಮರಳು ಹರಡಿಸಿದರು. ಕೀಳಲು ಬಾಗಿದವರಲ್ಲಿ ಅಣ್ಣನೂ ಇದ್ದರು, ಮಾತು ಮಾತ್ರ ಆಡಲಿಲ್ಲ.

ಕಬ್ಬಿಣ ಬೇಡ, ಪ್ಲಾಸ್ಟಿಕ್ ಪೈಪು ಒಡೆದರೆ ಚೂರು ಚುಚ್ಚುತ್ತದೆ, ಬಿದಿರು ಸೀಳಿದರೆ ಚಾಕುವೇ. ಮನೆ ಕಟ್ಟುವಾಗ ಸೆಂಟ್ರಿಂಗ್‌ಗೆ ಬಳಸುವ ನೀಲಗಿರಿ ಕೋಲು ಸಾಕು: ಹತ್ತು ಅಡಿ ಉದ್ದ, ನಾಲ್ಕು ಅಂಗುಲ ದಪ್ಪ, ತೊಗಟೆ ತೆಗೆದು ನುಣುಪಾಗಿಸಿದ್ದು. ಕೆಂಪು ಹಸಿರು ನಮಗೆ ಕಂಡಂತೆ ಕುದುರೆಗೆ ಕಾಣುವುದಿಲ್ಲವಾದ್ದರಿಂದ ಬಿಳಿ, ಹಳದಿ ಪಟ್ಟೆ ಬಳಿಯಬೇಕು. ಕೋಲನ್ನು ಕಂಬಕ್ಕೆ ಕಟ್ಟಬಾರದು. ಕುದುರೆ ಹಾರಿ ಇಳಿಯುವ ಬದಿಯಲ್ಲಿ, ತಗ್ಗಾದ ಆಧಾರದ ಮೇಲೆ ಸುಮ್ಮನೆ ಇಡಬೇಕು. ಕಾಲು ತಗುಲಿದರೆ ಕೋಲು ಮುಂದಕ್ಕೆ ಉರುಳಿ ಹೋಗುತ್ತದೆ. ಬರುವ ಬದಿಯಲ್ಲಿಟ್ಟರೆ ಕಂಬವೇ ಅದನ್ನು ತಡೆಯುತ್ತದೆ. ಮೊಳೆಯ ತುದಿ ಎಲ್ಲಿಯೂ ಹೊರಗಿರಬಾರದು. ಹಳೆಯ ಡ್ರಮ್ಮು ಮಲಗಿಸಿದರೆ ಉರುಳದಂತೆ ಎರಡೂ ಕಡೆ ಒತ್ತು ಕೊಡಬೇಕು.

ಮೊದಲ ವಾರಗಳಲ್ಲಿ ಹಾರಿಕೆಯೇ ಇಲ್ಲ. ನಾಲ್ಕರಿಂದ ನಾಲ್ಕೂವರೆ ಅಡಿಗೊಂದರಂತೆ ಕೋಲುಗಳನ್ನು ನೆಲದ ಮೇಲೆಯೇ ಹಾಸಿ, ಕುದುರೆಯ ಹೆಜ್ಜೆ ನೋಡಿ ಅಂತರ ಸರಿಪಡಿಸಿ, ದುಡುಕಿಯಲ್ಲಿ ದಾಟಿಸಿದರು. ಆಮೇಲೆ ಎರಡು ಕೋಲುಗಳನ್ನು ಅಡ್ಡಡ್ಡ ಇಟ್ಟು ನಡುವೆ ಒಂದು ಅಡಿ ಎತ್ತರ. ಗದ್ದಕ್ಕೆ ಪಟ್ಟಿ ಬಿಗಿಯುವ ಸವಾರಿ ಹೆಲ್ಮೆಟ್, ರಿಕಾಪಿನೊಳಗೆ ಕಾಲು ಜಾರದಂತೆ ಸಣ್ಣ ಹಿಮ್ಮಡಿಯ ಬೂಟು ಇಲ್ಲದೆ ಜೀನು ಹತ್ತುವಂತಿಲ್ಲ.

ಈಗ ಕುದುರೆ ಒಂದೂವರೆ ಅಡಿ ಹಾರುತ್ತದೆ, ವಾರಕ್ಕೆ ಎರಡೇ ದಿನ. ರಾತ್ರಿ ಬರಾತಿಗೆ ಹೋಗಿ ಬಂದರೆ ಮರುದಿನ ಅದಕ್ಕೆ ರಜೆ, ಹುಡುಗಿ ಎಷ್ಟು ಗೋಗರೆದರೂ ಸರಿ. ಆ ಲೆಕ್ಕ ಇಡುವವರು ಭಾಬಿ.