390 ದಿನಾರಿನ ಆಟದ ಲ್ಯಾಪ್‌ಟಾಪ್

ಗಲ್ಫಿನಿಂದ ರಜೆಗೆ ಹೊರಡುವವನ ಕೈಗೆ ಒಂದು ಪಟ್ಟಿ ಬಂದೇ ಬರುತ್ತದೆ. ಹಾಲಿನ ಪುಡಿ, ಟ್ಯಾಂಗ್, ನೋವಿನ ಮುಲಾಮು, ಖರ್ಜೂರ, ಸೆಂಟ್ ಬಾಟಲಿ. ಇದು ನಮಗೆಲ್ಲ ಬಾಯಿಪಾಠ. 2024ರ ಬೇಸಿಗೆಯಲ್ಲಿ ನನಗೆ ಬಂದ ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಮಾನು. ಮಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಕಾಲಿಟ್ಟಿದ್ದ ಮಗ ವಾಟ್ಸಾಪಿನಲ್ಲಿ ಬರೆದಿದ್ದ: "ಅಪ್ಪಾ, ಗೇಮಿಂಗ್ ಲ್ಯಾಪ್‌ಟಾಪ್. ಆರ್‌ಟಿಎಕ್ಸ್ 4060 ಕಾರ್ಡ್ ಇರಬೇಕು. 16 ಜಿಬಿ ರ‍್ಯಾಮ್ ಸಾಕು."

ಅವನ ಅಮ್ಮನದು ಬೇರೆ ಲೆಕ್ಕ. "ಆಟ ಆಡಲಿಕ್ಕೆ ಲಕ್ಷ ರೂಪಾಯಿಯಾ? ಓದಲಿಕ್ಕೆ ಬೇಕಾದ್ದು ಅರ್ಧ ರೇಟಿಗೆ ಸಿಗುವುದಿಲ್ಲವಾ?" ಈ ಪ್ರಶ್ನೆ ನಮ್ಮಲ್ಲಿ ಅನೇಕರ ಮನೆಯಲ್ಲಿ ಎದ್ದಿರುತ್ತದೆ. ಅದಕ್ಕೇ, ಆ ಯಂತ್ರದೊಂದಿಗೆ ಕಳೆದ ಮೊದಲ ದಿನಗಳಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಆ ಸಲ ರಜೆಯ ಮೊದಲ ಮೂರು ವಾರ ಅಮೆರಿಕದಲ್ಲಿ ಕಳೆಯುವುದೆಂದು ಗೊತ್ತಾಗಿತ್ತು. ತಂಗಿಯ ಮನೆ ಷಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ತಮ್ಮನ ಮನೆ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ. ತಮ್ಮ ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರ್. ಅಲ್ಲಿಯೂ ನಮ್ಮ ಹಾಗೆಯೇ ಕೂಟ ಕಟ್ಟಿಕೊಂಡ ಕನ್ನಡಿಗರಿದ್ದಾರೆ. ಷಿಕಾಗೋದ್ದು ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್ ಕಡೆಯದ್ದು ಪಂಪ ಕನ್ನಡ ಕೂಟ.

ನೇಪರ್‌ವಿಲ್‌ನಿಂದ ಸ್ವಲ್ಪ ದೂರದ ವೆಸ್ಟ್‌ಮಾಂಟ್‌ನಲ್ಲಿ ಮೈಕ್ರೋ ಸೆಂಟರ್ ಎಂಬ ದೊಡ್ಡ ಕಂಪ್ಯೂಟರ್ ಅಂಗಡಿ ಇದೆ. ಲ್ಯಾಪ್‌ಟಾಪುಗಳನ್ನು ಸಾಲಾಗಿ ತೆರೆದಿಟ್ಟಿರುತ್ತಾರೆ, ಮುಟ್ಟಿ ಒತ್ತಿ ನೋಡಬಹುದು. ಮಗ ಕೇಳಿದ್ದ ಕಾರ್ಡ್ ಇದ್ದ ಒಂದು ಯಂತ್ರಕ್ಕೆ 1,199 ಡಾಲರ್ ಚೀಟಿ ಅಂಟಿಸಿದ್ದರು. ಗಲ್ಫಿನಿಂದ ಹೋದವರು ಗಮನಿಸಬೇಕಾದ್ದು ಇಲ್ಲಿಯೇ. ಅಮೆರಿಕದಲ್ಲಿ ಚೀಟಿಯ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಬಿಲ್ ಮಾಡುವಾಗ ಸೇರುತ್ತದೆ. ಆ ತೆರಿಗೆಯೂ ಊರಿಂದೂರಿಗೆ ಬೇರೆ. ಷಿಕಾಗೋ ನಗರದೊಳಗೆ 2024ರಲ್ಲಿ ಶೇಕಡಾ 10.25 ಇತ್ತು. ಮಿಷಿಗನ್ ರಾಜ್ಯದಲ್ಲಿ ಎಲ್ಲಿ ಹೋದರೂ ಶೇಕಡಾ 6. ಈ ಯಂತ್ರವನ್ನು ಆಗ ಷಿಕಾಗೋ ನಗರದಲ್ಲಿ ಕೊಂಡಿದ್ದರೆ ತೆರಿಗೆ ಸುಮಾರು 123 ಡಾಲರ್, ಮಿಷಿಗನ್‌ನಲ್ಲಿ 72. ಹೇಗೂ ಮುಂದಿನ ವಾರ ತಮ್ಮನ ಮನೆಗೆ ಹೋಗುವುದಿತ್ತು. ಡೆಟ್ರಾಯಿಟ್ ಪಕ್ಕದ ಮ್ಯಾಡಿಸನ್ ಹೈಟ್ಸ್‌ನಲ್ಲಿ ಅದೇ ಅಂಗಡಿಯ ಇನ್ನೊಂದು ಶಾಖೆ ಇದೆ. ಅಲ್ಲಿ ಕೊಂಡೆ. ತೆರಿಗೆ ಸೇರಿ 1,271 ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 390 ಕುವೈತ್ ದಿನಾರ್.

ಕೊಳ್ಳುವಾಗ ಜತೆಗಿದ್ದವನು ತಮ್ಮನ ಮಗ. ಹೈಸ್ಕೂಲು ಮುಗಿಸಿದ ಹುಡುಗ. ಕನ್ನಡ ಎಲ್ಲ ಅರ್ಥವಾಗುತ್ತದೆ, ಮಾತಾಡುವಾಗ ಅರ್ಧ ಇಂಗ್ಲಿಷ್. ಒಂದೇ 4060 ಸ್ಟಿಕ್ಕರ್ ಇದ್ದ ಎರಡು ಯಂತ್ರಗಳ ಮುಂದೆ ನಾನು ಬೆಲೆ ಹೋಲಿಸುತ್ತಾ ನಿಂತಿದ್ದಾಗ ಹೇಳಿದ: "ದೊಡ್ಡಪ್ಪ, ಹೆಸರು ಮಾತ್ರ ನೋಡಬೇಡಿ, ವ್ಯಾಟ್ ನೋಡಿ."

ಅವನು ವಿವರಿಸಿದ್ದು ಇಷ್ಟು. ಲ್ಯಾಪ್‌ಟಾಪಿನ 4060 ಕಾರ್ಡಿಗೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ವಿದ್ಯುತ್ ಕೊಡಬೇಕೆಂದು ಲ್ಯಾಪ್‌ಟಾಪ್ ಮಾಡುವ ಕಂಪನಿ ತೀರ್ಮಾನಿಸುತ್ತದೆ. ತೆಳ್ಳಗಿನ ಯಂತ್ರದಲ್ಲಿ ಬಿಸಿ ಹೊರಹೋಗಲು ಜಾಗ ಕಡಿಮೆ, ಹಾಗಾಗಿ ವಿದ್ಯುತ್ತೂ ಕಡಿಮೆ, ಕೆಲಸವೂ ನಿಧಾನ. ದಪ್ಪ ಯಂತ್ರದಲ್ಲಿ ಅದೇ ಕಾರ್ಡ್ ಜೋರಾಗಿ ಓಡುತ್ತದೆ. ಒಂದೇ ಇಂಜಿನ್ ಇರುವ ಎರಡು ಪಿಕಪ್‌ಗಳಲ್ಲಿ ಒಂದಕ್ಕೆ ಸಣ್ಣ ರೇಡಿಯೇಟರ್, ಇನ್ನೊಂದಕ್ಕೆ ದೊಡ್ಡದು ಎಂದು ನಾನು ಅರ್ಥಮಾಡಿಕೊಂಡೆ. ಸಲ್ಮಿ ರಸ್ತೆಯಲ್ಲಿ ಆಗಸ್ಟ್ ಮಧ್ಯಾಹ್ನ ಗಾಡಿ ಓಡಿಸಿದವನಿಗೆ ರೇಡಿಯೇಟರಿನ ಬೆಲೆ ಬೇರೆ ಯಾರೂ ಹೇಳಬೇಕಾಗಿಲ್ಲ. ದಪ್ಪದ್ದನ್ನೇ ತೆಗೆದುಕೊಂಡೆವು.

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಮೊದಲು ಕಂಡದ್ದು ಭಾರ. ಯಂತ್ರವೇ ಎರಡೂವರೆ ಕಿಲೋ ಮೇಲೆ. ಚಾರ್ಜರ್ ನೋಡಿದರೆ ಇಟ್ಟಿಗೆಯೇ, 230 ವ್ಯಾಟ್‌ನದ್ದು. ವಿಡಿಯೋ ಕಾಲಿನಲ್ಲಿ ಹೆಂಡತಿ ಕೇಳಿದಳು, "ಎಂತಕ್ಕೆ ಇಷ್ಟು ಭಾರ? ಇದನ್ನು ಹೊತ್ತು ಕ್ಲಾಸಿಗೆ ಹೋಗುತ್ತಾನಾ?" ನ್ಯಾಯವಾದ ಪ್ರಶ್ನೆ. ಮಗನಿಗೆ ಹಾಸ್ಟೆಲ್ ಮೇಜಿನ ಮೇಲೆ ಇಡಲು ಬೇಕಿತ್ತು, ಹೊತ್ತು ತಿರುಗಲು ಅಲ್ಲ. ದಿನಾ ಬಸ್ಸಿನಲ್ಲಿ ಓಡಾಡುವ ಮಕ್ಕಳಿಗೆ ಈ ಜಾತಿಯ ಯಂತ್ರ ಕೊಡಿಸುವ ಮುನ್ನ ಎರಡು ಸಲ ಯೋಚಿಸುವುದು ಒಳ್ಳೆಯದು.

ತಮ್ಮನ ಮನೆಯ ನೆಲಮಾಳಿಗೆಯಲ್ಲಿ ಎರಡು ವಾರ ಆ ಯಂತ್ರ ನನ್ನ ಕೈಯಲ್ಲಿತ್ತು. ಪರದೆ ಸೆಕೆಂಡಿಗೆ 165 ಸಲ ಚಿತ್ರ ಬದಲಿಸುತ್ತದೆ. ಸಾಮಾನ್ಯ ಪರದೆಯದ್ದು 60. ಓದುವಾಗ, ಬರೆಯುವಾಗ ನನಗೆ ದೊಡ್ಡ ವ್ಯತ್ಯಾಸ ತಿಳಿಯಲಿಲ್ಲ; ಕಾರು ಓಡಿಸುವ ಆಟದಲ್ಲಿ ಮಾತ್ರ ಚಿತ್ರ ನೀರಿನಂತೆ ಹರಿಯುತ್ತಿತ್ತು. ತಮ್ಮ ತನ್ನ ಆಫೀಸಿನ ಕೆಲಸದಂಥದ್ದೇ ಒಂದು ವಿನ್ಯಾಸವನ್ನು ತೆರೆದು ತೋರಿಸಿದ. ಗೇರ್ ಪೆಟ್ಟಿಗೆಯ ಒಳಗಿನ ಒಂದೊಂದು ಹಲ್ಲನ್ನೂ ಬೆರಳ ತುದಿಯಲ್ಲಿ ತಿರುಗಿಸಿ ನೋಡಬಹುದಿತ್ತು. "ಆಟದ ಚಿತ್ರ ಬಿಡಿಸುವುದೂ ಇದೇ ಕಾರ್ಡು, ಇಂಜಿನಿಯರನ ಚಿತ್ರ ತಿರುಗಿಸುವುದೂ ಇದೇ ಕಾರ್ಡು ಅಣ್ಣ. ಮೆಕ್ಯಾನಿಕಲ್ ಓದುವವನಿಗೆ ಇದು ದಂಡ ಅಲ್ಲ," ಎಂದ. ಆ ಮಾತನ್ನು ಹಾಗೆಯೇ ಊರಿಗೆ ದಾಟಿಸಿದೆ. ಹೆಂಡತಿ ಒಪ್ಪಿದಳು ಎನ್ನಲಾರೆ, ಸುಮ್ಮನಾದಳು.

ಬಿಸಿಯ ವಿಷಯ. ಜೋರು ಆಟ ಹಾಕಿದ ಹತ್ತು ನಿಮಿಷಕ್ಕೆ ಫ್ಯಾನು ಅಡುಗೆಮನೆಯ ಎಕ್ಸಾಸ್ಟಿನಂತೆ ಕೂಗತೊಡಗಿತು. ಪ್ರೊಸೆಸರ್ 90 ಡಿಗ್ರಿ ದಾಟಿದ್ದನ್ನು ಹುಡುಗ ಪರದೆಯ ಮೂಲೆಯಲ್ಲೇ ತೋರಿಸಿದ. ಹಿಂಬದಿಗೆ ಎರಡು ಮರದ ತುಂಡು ಕೊಟ್ಟು ಯಂತ್ರವನ್ನು ಎತ್ತರಿಸಿದಾಗ ಕೆಲವು ಡಿಗ್ರಿ ಇಳಿಯಿತು. ಇದು ತಣ್ಣನೆಯ ನೆಲಮಾಳಿಗೆಯ ಕತೆ. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದೆ. ನಮ್ಮಲ್ಲಿ ಎಸಿ ಇಲ್ಲದ ರೂಮಿನಲ್ಲಿ ಇಂಥ ಯಂತ್ರ ಓಡಿಸುವ ಆಸೆ ಬಿಡಬೇಕು. ಜತೆಗೆ ಧೂಳು. ಗಾಳಿ ಹೋಗುವ ಕಿಂಡಿಗಳನ್ನು ತಿಂಗಳಿಗೊಮ್ಮೆಯಾದರೂ ಬ್ರಷ್ ಹಾಕಿ ಒರೆಸಬೇಕು. ಹಾಸಿಗೆ, ದಿಂಬಿನ ಮೇಲೆ ಇಟ್ಟರೆ ಮೂಗು ಮುಚ್ಚಿದಂತೆಯೇ.

ಬ್ಯಾಟರಿಯ ಪರೀಕ್ಷೆ ಆದದ್ದು ರೈಲಿನಲ್ಲಿ. ಷಿಕಾಗೋಗೆ ಮರಳಲು ಡಿಯರ್‌ಬಾರ್ನ್ ನಿಲ್ದಾಣದಲ್ಲಿ ಆಮ್‌ಟ್ರಾಕ್‌ನ ವುಲ್ವರೀನ್ ಗಾಡಿ ಹಿಡಿದೆ. ಡಿಯರ್‌ಬಾರ್ನ್ ಅಂದರೆ ಫೋರ್ಡ್ ಕಂಪನಿಯ ಊರು, ಅರಬ್ ಮೂಲದ ಜನ ತುಂಬ ಇರುವ ಊರೂ ಹೌದು. ವಾರನ್ ಅವೆನ್ಯೂ ಉದ್ದಕ್ಕೂ ಅರಬ್ಬಿ ಬೋರ್ಡುಗಳು. ಬಿಸಿ ಖುಬೂಸ್ ಕಟ್ಟಿಸಿಕೊಂಡು ರೈಲು ಹತ್ತುವಾಗ ಫಹಾಹೀಲಿನಲ್ಲೇ ಇದ್ದೇನೇನೋ ಎನಿಸಿತು. ಆನ್ ಆರ್ಬರ್, ಜಾಕ್ಸನ್, ಕಲಮಜೂ ದಾಟಿ ಐದು ಗಂಟೆಯ ಮೇಲಿನ ಪ್ರಯಾಣ. ಸೀಟಿನ ಬಳಿಯೇ ಪ್ಲಗ್ ಪಾಯಿಂಟ್ ಇತ್ತಾದರೂ ಬೇಕೆಂದೇ ಹಾಕಲಿಲ್ಲ. ಬರವಣಿಗೆ, ಸಿನಿಮಾ ಇಷ್ಟಕ್ಕೆ ಬ್ಯಾಟರಿ ನಾಲ್ಕು ಗಂಟೆ ಹತ್ತಿರ ಬಂತು. ಆಟ ಹಾಕಿದಾಗ ಮುಕ್ಕಾಲು ಗಂಟೆಯೂ ಬರಲಿಲ್ಲವೆಂಬುದನ್ನು ಕ್ಯಾಂಟನ್‌ನಲ್ಲೇ ನೋಡಿದ್ದೆ. ಇದರಲ್ಲಿ ಮೋಸವಿಲ್ಲ, ಲೆಕ್ಕವಿದೆ. ವಿಮಾನದಲ್ಲಿ ವಿಶೇಷ ಅನುಮತಿ ಇಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಹಾಗಾಗಿ ಎಷ್ಟೇ ದೊಡ್ಡ ಲ್ಯಾಪ್‌ಟಾಪ್ ಆದರೂ ಬ್ಯಾಟರಿ ಅದರೊಳಗೇ ಇರುತ್ತದೆ. ನಮ್ಮದು 80. ಗಂಟೆಗೆ ನೂರಕ್ಕೂ ಹೆಚ್ಚು ಉಣ್ಣುವ ಯಂತ್ರಕ್ಕೆ 80ರ ಬುತ್ತಿ ಕಟ್ಟಿದರೆ ಎಷ್ಟು ಹೊತ್ತು? ಆಟಕ್ಕೆ ಗೋಡೆಯ ಪ್ಲಗ್ಗೇ ಗತಿ.

ಷಿಕಾಗೋದಿಂದ ನೇರ ಊರಿನ ದಾರಿ ಹಿಡಿದೆ. 18 ತುಂಬಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಭಾರತಕ್ಕೆ ತರಬಹುದು ಎಂಬುದು ನಮ್ಮ ಕಸ್ಟಮ್ಸ್ ನಿಯಮ. ಒಂದೇ ಎನ್ನುವುದು ನೆನಪಿರಲಿ. ಕೈಚೀಲದಲ್ಲಿ ಬಿಲ್ ಸಮೇತ ತಂದೆ, ಯಾರೂ ಕೇಳಲಿಲ್ಲ. ಅಮೆರಿಕದಲ್ಲಿ ಮನೆಯ ವಿದ್ಯುತ್ 120 ವೋಲ್ಟ್, ನಮ್ಮ ಊರಿನಲ್ಲಿ 230. ಚಾರ್ಜರಿನ ಮೇಲೆ 100–240 ಎಂದು ಅಚ್ಚಾಗಿದ್ದರೆ ಚಿಂತೆಯಿಲ್ಲ. ಅಲ್ಲಿಯ ಚಪ್ಪಟೆ ಪಿನ್ನನ್ನು ನಮ್ಮ ಸಾಕೆಟ್ಟಿಗೆ ತುರುಕಿದರೆ ಮಾತ್ರ ಸಡಿಲವಾಗಿ ಕಿಡಿ ಹಾರುತ್ತದೆ. ಇಷ್ಟು ವಿದ್ಯುತ್ ಎಳೆಯುವ ಯಂತ್ರಕ್ಕೆ ಅಗ್ಗದ ಅಡಾಪ್ಟರ್ ಬೇಡ. ಇಟ್ಟಿಗೆಯಿಂದ ಗೋಡೆಗೆ ಹೋಗುವ ವೈರನ್ನಷ್ಟೇ ಕಳಚಿ, ಅರ್ಥಿಂಗ್ ಇರುವ ನಮ್ಮ ಮೂರು ಪಿನ್ನಿನ ವೈರ್ ಹಾಕಿದರೆ ಆಯಿತು.

ಹಾಗಾದರೆ ಅಮೆರಿಕದಿಂದ ತರಿಸುವುದು ಲಾಭವೇ? ನಾನು ಅಲ್ಲಿಗೆ ಹೋಗಿದ್ದೆ, ಕೊಂಡೆ. ಅದಕ್ಕೆಂದೇ ಯಾರನ್ನೋ ಕಾಡಿ ತರಿಸುವಷ್ಟು ಲಾಭ ಕಾಣಲಿಲ್ಲ. ನಾವಿರುವ ಕುವೈತಿನಲ್ಲೂ ಕತಾರಿನಲ್ಲೂ ವ್ಯಾಟ್ ತೆರಿಗೆಯೇ ಇಲ್ಲ. ಎಮಿರೇಟ್ಸ್, ಒಮಾನ್‌ನಲ್ಲಿ ಶೇಕಡಾ 5, ಬಹರೈನಿನಲ್ಲಿ 10, ಸೌದಿಯಲ್ಲಿ 15. ವಾರಂಟಿ ಅನೇಕ ಸಲ ಕೊಂಡ ದೇಶಕ್ಕಷ್ಟೇ ಸೀಮಿತ. ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ. ಅಮೆರಿಕದ್ದರಲ್ಲಿ ಕಂಡ ಒಂದು ಅನುಕೂಲವೆಂದರೆ ಕೀಲಿಮಣೆಯ ಮೇಲೆ ಬರೀ ಇಂಗ್ಲಿಷ್. ಇಲ್ಲಿ ಸಿಗುವ ಯಂತ್ರಗಳ ಮೇಲೆ ಪಕ್ಕದಲ್ಲೇ ಅರಬ್ಬಿಯೂ ಇರುತ್ತದೆ. ಕನ್ನಡಕ್ಕೆ ಎರಡೂ ಒಂದೇ: ವಿಂಡೋಸ್‌ನಲ್ಲೇ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕೀಲಿಮಣೆ 2019ರಿಂದ ಇದೆ. ಈ ಬರಹದ ಮೊದಲ ಟಿಪ್ಪಣಿಗಳನ್ನು ಕ್ಯಾಂಟನ್‌ನಲ್ಲಿ ಹಾಗೆಯೇ ಟೈಪ್ ಮಾಡಿದೆ.

ಇನ್ನು ಆಟದ ವಿಷಯ. ತಮ್ಮನ ಮಗ ನನಗಾಗಿ ಹಾಕಿಕೊಟ್ಟದ್ದು ಯೂರೋ ಟ್ರಕ್ ಸಿಮ್ಯುಲೇಟರ್ 2. 2012ರಲ್ಲಿ ಬಂದ ಹಳೆಯ ಆಟ, ಚೆಕ್ ದೇಶದ ಕಂಪನಿಯೊಂದರದ್ದು. ಸರಕು ತುಂಬಿದ ಟ್ರೇಲರನ್ನು ಊರಿಂದೂರಿಗೆ ಓಡಿಸಿ, ಗೋದಾಮಿನ ಬಾಗಿಲಿಗೆ ಸರಿಯಾಗಿ ಹಿಮ್ಮುಖವಾಗಿ ನಿಲ್ಲಿಸಬೇಕು. ಗುಂಡಿಲ್ಲ, ಹೊಡೆದಾಟವಿಲ್ಲ. ಈಗ ಶುವೈಖ್‌ನಲ್ಲಿ ಸೂಪರ್‌ವೈಸರ್ ಆಗಿದ್ದರೂ ಕುವೈತಿನಲ್ಲಿ ನನ್ನ ಮೊದಲ ಒಂಬತ್ತು ವರ್ಷ ಟ್ರೇಲರ್ ಡ್ರೈವರ್ ಕೆಲಸವೇ. ಮೊದಲ ಸಲಕ್ಕೇ ಟ್ರೇಲರನ್ನು ಬಾಗಿಲಿಗೆ ತಂದು ನಿಲ್ಲಿಸಿದಾಗ ಹುಡುಗ ಕುರ್ಚಿಯಿಂದ ಎದ್ದು ನಿಂತ. "ಇದು ನನಗೆ ಆಗುವುದೇ ಇಲ್ಲ ದೊಡ್ಡಪ್ಪ, ಹೇಗೆ ಮಾಡಿದಿರಿ?"

2021ರಿಂದ ಆ ಆಟದಲ್ಲಿ ಒಟ್ಟಿಗೆ ಗಾಡಿ ಓಡಿಸುವ ವ್ಯವಸ್ಥೆ ಇದೆ. ಬೇರೆ ಬೇರೆ ಊರಿನಲ್ಲಿ ಕೂತವರು ಒಂದೇ ರಸ್ತೆಯಲ್ಲಿ ಹಿಂದೆ ಮುಂದೆ ಹೋಗಬಹುದು. ಊರಿಗೆ ಬಂದು ಮಗನ ಕೈಗೆ ಯಂತ್ರ ಕೊಟ್ಟು, ಕುವೈತಿಗೆ ಮರಳಿ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದೇ ಆಟ ಹಾಕಿಕೊಂಡೆ. ಚಿತ್ರದ ಗುಣಮಟ್ಟ ಇಳಿಸಿದರೆ ಅದರಲ್ಲೂ ನಡೆಯುತ್ತದೆ. ಈಗ ಶುಕ್ರವಾರ ರಾತ್ರಿ ಇಲ್ಲಿ ಎಂಟು, ಅಲ್ಲಿ ಹತ್ತೂವರೆ. ಫೋನನ್ನು ಸ್ಪೀಕರಿಗೆ ಹಾಕಿ ಇಬ್ಬರೂ ಹೊರಡುತ್ತೇವೆ.

ನಮ್ಮ ಫೋನ್ ಮಾತು ಹೇಗಿರುತ್ತದೆಂದು ನಿಮಗೆ ಗೊತ್ತು. ಊಟ ಆಯಿತಾ, ಓದು ಹೇಗಿದೆ, ದುಡ್ಡು ಬಂತಾ. ಎರಡು ನಿಮಿಷಕ್ಕೆ ಮುಗಿಯುತ್ತದೆ. ಮಗನಿಗೆ ಈಗ ಹತ್ತೊಂಬತ್ತು. ಅವನು ಹುಟ್ಟಿದ ಮೇಲೆ ನಾನು ಊರಿನಲ್ಲಿ ಕಳೆದ ದಿನಗಳನ್ನೆಲ್ಲ ಕೂಡಿಸಿದರೆ ಎರಡೂವರೆ ವರ್ಷ ಆಗಲಿಕ್ಕಿಲ್ಲ. ನಾನು ಎಂಥ ಕೆಲಸ ಮಾಡಿ ಹಣ ಕಳಿಸುತ್ತಿದ್ದೆ ಎಂಬುದನ್ನು ಅವನು ಕಣ್ಣಾರೆ ಕಂಡದ್ದೇ ಇಲ್ಲ. ಗಾಡಿ ಓಡಿಸುವಾಗ ಮಾತಿಗೆ ಅವಸರವಿಲ್ಲ. ಸುಮ್ಮನಿದ್ದರೂ ನಡೆಯುತ್ತದೆ.

ಮೂರನೇ ಶುಕ್ರವಾರ ಅವನು ಗೋದಾಮಿನ ಮುಂದೆ ಹಿಂದೆ-ಮುಂದೆ ಮಾಡುತ್ತಾ ಇಪ್ಪತ್ತು ನಿಮಿಷ ಒದ್ದಾಡಿದ. "ಟ್ರೇಲರಿನ ಹಿಂಭಾಗ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಎಡಕ್ಕೆ ತಿರುಗಿಸು. ಸ್ವಲ್ಪವೇ. ಕನ್ನಡಿ ಬಿಡಬೇಡ," ಎಂದೆ. ನಿಲ್ಲಿಸಿದ. ಆಮೇಲೆ ಕೇಳಿದ, "ಅಪ್ಪಾ, ನಿಮಗೆ ಇದನ್ನು ಯಾರು ಕಲಿಸಿದ್ದು?" ಒಬ್ಬ ಪಠಾಣ್ ಡ್ರೈವರ್ ಕಲಿಸಿದ್ದು, ಅವನ ಭಾಷೆ ನನಗೆ ಬರುತ್ತಿರಲಿಲ್ಲ, ಕೈಸನ್ನೆಯಲ್ಲೇ ಕಲಿತದ್ದು ಎಂದು ಹೇಳಿದೆ. ಅಂದು ಊರಿನಲ್ಲಿ ಗಂಟೆ ಒಂದು ದಾಟಿತ್ತು. ಹಿನ್ನೆಲೆಯಲ್ಲಿ ಅವನ ಯಂತ್ರದ ಫ್ಯಾನು ಜೋರಾಗಿ ಕೂಗುತ್ತಿತ್ತು. ಹಿಂಬದಿಗೆ ಎರಡು ಮರದ ತುಂಡು ಇಡು ಎಂದು ಹೇಳಿ ಫೋನ್ ಇಟ್ಟೆ.