ಲಿಂಕನ್ ಗುಡ್ಡದ ಧರ್ಮಾಧ್ಯಕ್ಷ

ಲಿಂಕನ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಅಮೆರಿಕದ ಅಧ್ಯಕ್ಷನ ಹೆಸರು. ಅದೇ ಹೆಸರಿನ ಪುರಾತನ ನಗರವೊಂದು ಇಂಗ್ಲೆಂಡಿನ ಪೂರ್ವಭಾಗದಲ್ಲಿದೆ. ಬಯಲಿನ ನಡುವೆ ಒಂದು ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಮೂರು ಗೋಪುರಗಳ ಭವ್ಯ ಕ್ರೈಸ್ತ ದೇವಾಲಯ. ಮೈಲಿಗಳಾಚೆಯಿಂದಲೇ ಅದು ಯಾತ್ರಿಕನ ಕಣ್ಣನ್ನು ಸೆಳೆಯುತ್ತದೆ. ಕೆಳಗಿನ ಪೇಟೆಯಿಂದ ಅಲ್ಲಿಗೆ ಏರುವ ಕಲ್ಲುಹಾಸಿನ ಬೀದಿಗೆ ‘ಸ್ಟೀಪ್ ಹಿಲ್’, ಎಂದರೆ ಕಡಿದಾದ ಗುಡ್ಡ, ಎಂದೇ ಹೆಸರು. ಆ ಹೆಸರು ಸುಳ್ಳಲ್ಲವೆಂಬುದು ಏರುವವನಿಗೆ ಬೇಗನೆ ಮನವರಿಕೆಯಾಗುತ್ತದೆ.

ಈ ದೇವಾಲಯದ ಚರಿತ್ರೆಯೊಡನೆ ಪರದೇಶದ ಸಂನ್ಯಾಸಿಯೊಬ್ಬನ ಬಾಳು ಹೆಣೆದುಕೊಂಡಿದೆ. ಆತನ ಹೆಸರು ಹ್ಯೂ. ಸುಮಾರು 1140ರಲ್ಲಿ, ಇಂದಿನ ಫ್ರಾನ್ಸಿನ ಆಗ್ನೇಯದಲ್ಲಿರುವ ಅವಲಾನಿನಲ್ಲಿ, ಕುಲೀನ ಮನೆತನದಲ್ಲಿ ಹುಟ್ಟಿದ ಅವನು ತಾರುಣ್ಯದಲ್ಲಿಯೇ ಆಲ್ಪ್ಸ್ ಪರ್ವತಗಳ ನಡುವಣ ಗ್ರಾಂದ್ ಶಾರ್ತ್ರೂಸ್ ಮಠವನ್ನು ಸೇರಿದನು. ಮೌನ, ಏಕಾಂತ, ಮಾಂಸತ್ಯಾಗ, ಒರಟು ಉಡುಗೆ—ಇವು ಆ ಮಠದ ನಿಯಮಗಳು.

ಅಲ್ಲಿಂದ ಅವನನ್ನು ಇಂಗ್ಲೆಂಡಿಗೆ ಕರೆತಂದದ್ದು ಒಂದು ಕೊಲೆಯ ಪಾಪಭಾರ. 1170ರಲ್ಲಿ ಎರಡನೆಯ ಹೆನ್ರಿಯ ಸರದಾರರು ಆರ್ಚ್‌ಬಿಷಪ್ ಥಾಮಸ್ ಬೆಕೆಟ್ಟನನ್ನು ದೇವಾಲಯದೊಳಗೇ ಕಡಿದು ಹಾಕಿದ್ದರು. ಅದರ ಪ್ರಾಯಶ್ಚಿತ್ತವಾಗಿ ದೊರೆಯು ವಿದಮ್ ಎಂಬಲ್ಲಿ ಮಠವೊಂದನ್ನು ಸ್ಥಾಪಿಸಿದನು. ಅದನ್ನು ನಡೆಸಲು ಹ್ಯೂ ಬಂದನು. ಆದರೆ ಮಠಕ್ಕಾಗಿ ಬಡ ಹಳ್ಳಿಗರು ಮನೆ ಬಿಡಬೇಕಾಗಿತ್ತು. ಅವರ ಗುಡಿಸಲುಗಳಿಗೂ ಹೊಲಗಳಿಗೂ ತಕ್ಕ ಪರಿಹಾರ ಕೊನೆಯ ಕಾಸಿನವರೆಗೆ ಸಲ್ಲುವ ತನಕ ಆ ನೆಲದಲ್ಲಿ ತಾನು ನೆಲೆಸಲಾರೆನೆಂದು ಹ್ಯೂ ಹಟ ಹಿಡಿದನು. ದೊರೆ ಹಣ ತೆತ್ತನು.

1186ರಲ್ಲಿ ಹ್ಯೂ ಲಿಂಕನ್ನಿನ ಬಿಷಪ್ ಆದನು. ಹಿಂದಿನ ವರ್ಷದ ಭೂಕಂಪದಿಂದ ದೇವಾಲಯ ಬಿರಿದು ಬಿದ್ದಿತ್ತು. 1192ರಲ್ಲಿ ಪುನರ್ನಿರ್ಮಾಣ ಆರಂಭವಾಯಿತು. ಧರ್ಮಾಧ್ಯಕ್ಷನೇ ಕೂಲಿಯವರೊಡನೆ ಕಲ್ಲುಗಾರೆಗಳನ್ನು ಹೊತ್ತನೆಂದು ಅವನ ಚರಿತ್ರಕಾರರು ಬರೆದಿದ್ದಾರೆ.

ದೊರೆಯ ಅರಣ್ಯಾಧಿಕಾರಿಯನ್ನು ಅವನು ಧರ್ಮದಿಂದ ಬಹಿಷ್ಕರಿಸಿದಾಗ, ಹೆನ್ರಿ ಅವನನ್ನು ವುಡ್‌ಸ್ಟಾಕಿಗೆ ಕರೆಸಿದನು. ಯಾರೂ ಏಳಬಾರದು, ನಮಸ್ಕರಿಸಬಾರದು ಎಂದು ಆಸ್ಥಾನಿಕರಿಗೆ ಕಟ್ಟಾಜ್ಞೆ. ಹ್ಯೂ ಬಂದು ಒಬ್ಬ ಸರದಾರನನ್ನು ಮೆಲ್ಲನೆ ಸರಿಸಿ ದೊರೆಯ ಪಕ್ಕದಲ್ಲೇ ಕುಳಿತನು. ದೊರೆ ಮಾತನಾಡದೆ ಸೂಜಿದಾರ ತರಿಸಿ ಬೆರಳಿನ ಪಟ್ಟಿಯನ್ನು ಹೊಲಿಯತೊಡಗಿದನು. ಆಗ ಹ್ಯೂ, ಈಗ ತಾವು ಫಲೇಸಿನ ತಮ್ಮ ನೆಂಟರಂತೆಯೇ ಕಾಣುತ್ತೀರಿ ಎಂದನು! ಫಲೇಸ್ ತೊಗಲಿನ ಕೆಲಸಕ್ಕೆ ಹೆಸರಾದ ಊರು. ಹೆನ್ರಿಯ ಮುತ್ತಾತ ವಿಜಯಿ ವಿಲಿಯಮ್ಮನ ತಾಯಿ ಆ ಊರಿನ ಚರ್ಮಗಾರನ ಮಗಳೆಂದು ಪ್ರತೀತಿ. ಸಭೆ ಉಸಿರು ಬಿಗಿಹಿಡಿಯಿತು. ದೊರೆಯಾದರೋ ಬಿದ್ದು ಬಿದ್ದು ನಕ್ಕನು.

ಅವನ ಮಗ ಸಿಂಹಹೃದಯಿ ರಿಚರ್ಡನಿಗೂ ಇದೇ ಅನುಭವ. 1197ರಲ್ಲಿ ನಾರ್ಮಂಡಿಯ ಯುದ್ಧಕ್ಕೆ ಅವನು ಸೈನ್ಯಸಹಾಯ ಬೇಡಿದಾಗ, ಲಿಂಕನ್ನಿನ ಋಣವು ಇಂಗ್ಲೆಂಡಿನ ಎಲ್ಲೆಯೊಳಗೆ ಮಾತ್ರ ಎಂದು ಹ್ಯೂ ನಿರಾಕರಿಸಿದನು. ಮರುವರ್ಷ ಕಡಲು ದಾಟಿ ಹೋಗಿ, ಮುಖ ತಿರುಗಿಸಿದ ದೊರೆಯ ಉಡುಪನ್ನು ಹಿಡಿದು ಅಲುಗಿಸಿ, ಶಾಂತಿಯ ಮುದ್ದನ್ನು ಕೇಳಿ ಪಡೆದನು.

ಸ್ಟೀಪ್ ಹಿಲ್ಲಿನ ದಾರಿಯಲ್ಲಿ ಹನ್ನೆರಡನೆಯ ಶತಮಾನದ ಕಲ್ಲುಮನೆಯೊಂದು ಇನ್ನೂ ನಿಂತಿದೆ. ಜನ ಅದನ್ನು ಯೆಹೂದ್ಯನ ಮನೆ ಎನ್ನುತ್ತಾರೆ. 1190ರಲ್ಲಿ ಇಂಗ್ಲೆಂಡಿನ ಊರೂರುಗಳಲ್ಲಿ ಯೆಹೂದ್ಯರ ಮೇಲೆ ಜನ ಕತ್ತಿ ಹಿರಿದಾಗ, ಆ ಆಯುಧಪಾಣಿಗಳಿಗೆ ಎದುರಾಗಿ ನಿಂತವನು ಹ್ಯೂ. 1200ರ ನವೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡ ಅವನ ದೇಹವನ್ನು ಲಿಂಕನ್ನಿಗೆ ತಂದಾಗ ಜಾನ್ ದೊರೆ ಚಟ್ಟಕ್ಕೆ ಹೆಗಲು ಕೊಟ್ಟನು. ಊರಿನ ಯೆಹೂದ್ಯರು ಬೀದಿಯಲ್ಲಿ ಅತ್ತರು. ಈ ಎರಡರಲ್ಲಿ ದೊಡ್ಡ ಗೌರವ ಯಾವುದು?

1220ರಲ್ಲಿ ಪೋಪ್ ಅವನನ್ನು ಸಂತನೆಂದು ಸಾರಿದನು. ಯಾತ್ರಿಕರ ನೂಕುನುಗ್ಗಲಿಗೆ ಸ್ಥಳ ಸಾಲದೆ 1256ರಿಂದ 1280ರವರೆಗೆ ದೇವಾಲಯದ ಪೂರ್ವಭಾಗವನ್ನು ಹಿಗ್ಗಿಸಲಾಯಿತು. ಗೋಡೆಗಳ ಮೇಲೆ ಕಲ್ಲಿನ ದೇವದೂತರು ರೆಕ್ಕೆ ಬಿಚ್ಚಿರುವ ಈ ಭಾಗವನ್ನು ನೋಡಿ ತಣಿಯದವರಿಲ್ಲ. ಹದಿನಾರನೆಯ ಶತಮಾನದಲ್ಲಿ ಎಂಟನೆಯ ಹೆನ್ರಿಯ ಆಳಿಕೆಯಲ್ಲಿ ಸಂತನ ಬೆಳ್ಳಿಬಂಗಾರದ ಸಮಾಧಿಯ ಸಂಪತ್ತು ಬೊಕ್ಕಸ ಸೇರಿತು. ದೇವಾಲಯವೂ ರೋಮಿನ ಒಡೆತನ ತೊರೆದು ಆಂಗ್ಲಿಕನ್ನರದಾಯಿತು.

ಸ್ಟೋ ಗ್ರಾಮದ ಅವನ ಬಿಡಾರಕ್ಕೆ ಎಲ್ಲಿಂದಲೋ ಬಂದ ಕಾಡು ಹಂಸವೊಂದು ಅವನ ಕೈಯಿಂದಲೇ ತಿನ್ನುತ್ತ, ಮಲಗಿದಾಗ ಕಾವಲಿರುತ್ತಿತ್ತಂತೆ. ಚಿತ್ರಗಳಲ್ಲಿ ಹ್ಯೂವಿನ ಪಕ್ಕದಲ್ಲಿ ಇಂದಿಗೂ ಆ ಹಂಸವಿರುತ್ತದೆ.

ಹಿಂದಿರುಗುವ ಯಾತ್ರಿಕ ದೇವಾಲಯದ ಪಶ್ಚಿಮದ ಮುಂಭಾಗದಲ್ಲಿ ಒಮ್ಮೆ ತಲೆಯೆತ್ತಿ ನೋಡಬೇಕು. ಎರಡು ಕೊನೆಗಳ ಶಿಖರಗಳ ಮೇಲೆ ಎರಡು ಪ್ರತಿಮೆಗಳಿವೆ. ಒಂದು ಹ್ಯೂವಿನದು. ಕೊಂಬನ್ನೂದುತ್ತಿರುವ ಇನ್ನೊಂದು, ಬಾಳೆಲ್ಲ ಕೂಡಿಟ್ಟ ಬೆಳ್ಳಿಯ ಕಾಸುಗಳನ್ನು ದೇವಾಲಯದ ಕಟ್ಟಡಕ್ಕೆ ಒಪ್ಪಿಸಿದನೆಂದು ಜನ ಹೇಳುವ ಸ್ಟೋ ಗ್ರಾಮದ ಹಂದಿ ಕಾಯುವವನದು. ಧರ್ಮಾಧ್ಯಕ್ಷನೂ ಹಂದಿ ಕಾಯುವವನೂ ಅಲ್ಲಿ ಸರಿಸಮಾನವಾದ ಎತ್ತರದಲ್ಲಿ ನಿಂತಿದ್ದಾರೆ. ವಿದಮ್ಮಿನ ಗುಡಿಸಲುಗಳಿಗಾಗಿ ದೊರೆಯೊಡನೆ ಹಟ ಹಿಡಿದ ಹ್ಯೂವಿಗೆ ಇದಕ್ಕಿಂತ ಒಪ್ಪುವ ಸಂಗಾತಿ ಸಿಕ್ಕುತ್ತಿರಲಿಲ್ಲ.